ಬಿಸಿಲು ಬೀಳುವ ಮುನ್ನ ಬಂಗಾರ ಆರಿಸುವಾಕೆ

ಇನ್ನೂ ಸೂರ್ಯ ಮೂಡಿಲ್ಲ. ನರ್ಸರಿಯ ಹಿಂಬದಿಯ ಸಾಲಿನಲ್ಲಿ ಒಬ್ಬ ಹೆಂಗಸು ಮೊಣಕಾಲೆತ್ತರದ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಲಗಣ್ಣು ಮುಚ್ಚಿ ನೋಡುತ್ತಾರೆ. ಆಮೇಲೆ ಎಡಗಣ್ಣು ಮುಚ್ಚಿ ನೋಡುತ್ತಾರೆ. ಬುಡಕ್ಕೆ ಕೈ ಹಾಕಿ, ಒಮ್ಮೆ ಅಲ್ಲಾಡಿಸಿ, ಗಿಡವನ್ನು ಬೇರುಸಮೇತ ಕಿತ್ತು ಪಕ್ಕಕ್ಕಿಡುತ್ತಾರೆ. ಎಸೆಯುವುದಿಲ್ಲ, ಇಡುತ್ತಾರೆ. ಮೈ ಕೊರೆಯುವ ಚಳಿ. ನಾನು ಶಾಲಿನೊಳಗೆ ಕೈ ಹುದುಗಿಸಿ ನಿಂತಿದ್ದರೆ ಅವರ ಬೆರಳುಗಳು ಒದ್ದೆ ಮಣ್ಣಿನಲ್ಲಿವೆ.

ಇಲ್ಲಿ ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಮಾಲೀಕರಿಗೂ ದೊಡ್ಡಮ್ಮನೇ. ಅವರ ಕೆಲಸವೇನೆಂದು ಹೇಳಿದರೆ ನಿಮಗೆ ನಗು ಬಂದೀತು: ಹಸಿರು ಗಿಡಗಳ ನಡುವೆ ಹಳದಿ ಗಿಡ ಹುಡುಕುವುದು. ಪೈನ್ ಕುಲದ ಸೂಜಿಯೆಲೆಯ ಗಿಡಗಳಲ್ಲಿ, ಬೀಜದಿಂದ ಮೊಳೆತ ಸಾವಿರಾರು ಸಸಿಗಳ ನಡುವೆ ಎಲ್ಲೋ ಒಂದು ಹುಟ್ಟುತ್ತಲೇ ಬಂಗಾರದ ಬಣ್ಣ ಹೊತ್ತು ಬರುತ್ತದೆ. ಉಳಿದ ಗಿಡಗಳೆಲ್ಲ ಬಣ್ಣಗೆಟ್ಟು ನಿಲ್ಲುವ ಚಳಿಗಾಲದಲ್ಲಿ ಮನೆ ಮುಂದೆ ಅಂಥದ್ದೊಂದು ಮರವಿದ್ದರೆ ಸಾಕು, ದೀಪ ಹಚ್ಚಿಟ್ಟ ಹಾಗಿರುತ್ತದೆ. ಅದನ್ನು ಗುರುತಿಸಬೇಕು, ಕೆಲವು ವರ್ಷ ಕಾಯಬೇಕು, ಬಣ್ಣ ನಿಂತರೆ ಅದರ ಕಡ್ಡಿ ತೆಗೆದು ಹಸಿರು ಗಿಡಕ್ಕೆ ಕಸಿ ಕಟ್ಟಿ ಸಂತಾನ ಬೆಳೆಸಬೇಕು.

ಕಷ್ಟವಿರುವುದೆಲ್ಲ ಆ ಗುರುತಿಸುವುದರಲ್ಲೇ. ಹಸಿದ ಗಿಡವೂ ಹಳದಿ, ಬೇರು ಕೊಳೆತ ಗಿಡವೂ ಹಳದಿ. ಸೂರ್ಯ ಬಂದನೆಂದರೆ ಪ್ರತಿ ಕುಡಿಯೂ ಹೊಳೆಯತೊಡಗುತ್ತದೆ. ಹೀಗಾಗಿ ಆರಿಸುವ ಕೆಲಸ ನಡೆಯುವುದು ಬಿಸಿಲು ಬೀಳುವ ಮುನ್ನ, ಇಲ್ಲವೇ ಮೋಡ ಕವಿದ ದಿನ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಂಗೇ ಇದು. ಬಿಸಿಲಲ್ಲಿ ಎಲ್ಲಾ ಗಿಡಾನೂ ಬಂಗಾರನೇ. ಬೆಳಕಿಲ್ಲದಾಗ್ಲೂ ಹಳದಿ ಕಂಡ್ರೆ ಮಾತ್ರ ನಂಬಬೇಕು" ಎನ್ನುತ್ತಾರೆ ದೊಡ್ಡಮ್ಮ.

ಅವರು ಇಲ್ಲಿಗೆ ಬಂದದ್ದು ಕಳೆ ಕೀಳುವ ಕೂಲಿಗೆ. ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡೇ ಮಡಿಗಳ ನಡುವೆ ತೆವಳಿದವರು. ಒಂದು ದಿನ, ಎಲ್ಲರೂ ರೋಗದ ಗಿಡವೆಂದು ಕಿತ್ತೊಗೆಯಬಹುದಾಗಿದ್ದ ಸಸಿಯೊಂದನ್ನು ಇವರು ಬಿಟ್ಟು ಸುತ್ತಲಿನ ಕಳೆಯನ್ನಷ್ಟೇ ತೆಗೆದಿದ್ದರು. ಯಾಕೆ ಬಿಟ್ಟೆ ಎಂದು ಮಾಲೀಕರು ಕೇಳಿದ್ದಕ್ಕೆ, ಇದು ಕಾಯಿಲೆ ಮುಖ ಅಲ್ಲ ಅಂದರಂತೆ. ಆ ಸಸಿಯ ಕಸಿಗಳು ಇವತ್ತು ಎಷ್ಟೋ ಊರುಗಳ ತೋಟಗಳಲ್ಲಿವೆ. ಅಂದಿನಿಂದ ಆರಿಸುವ ಕೆಲಸ ಅವರದೇ. ಮುಂಜಾನೆ ಮಡಿಗಳನ್ನು ನೋಡಿ, ಹಗಲೆಲ್ಲ ಕುಂಡಗಳಿಗೆ ಮಣ್ಣು ತುಂಬಿ ನೀರು ಹಾಕುತ್ತಾರೆ; ಬಂಗಾರದ ಮರಗಳಲ್ಲಿ ಮತ್ತೆ ಹಸಿರಾಗಿ ಹೊರಟ ಕೊಂಬೆಗಳನ್ನು ಹುಡುಕಿ ಕತ್ತರಿಸುತ್ತಾರೆ. ಬಿಟ್ಟರೆ ಆ ಹಸಿರು ಇಡೀ ಮರವನ್ನೇ ನುಂಗಿಬಿಡುತ್ತದೆ. ಚಳಿಗೆ ಗೆಣ್ಣುಗಳು ಊದಿವೆ. ಅಂಗೈಗೆ ಹತ್ತಿದ ಮರದ ಅಂಟು ಎಣ್ಣೆ ತಿಕ್ಕಿದರೂ ಹೋಗುವುದಿಲ್ಲ. ಊಟ ಮಾಡುವಾಗಲೂ ಅದೇ ವಾಸನೆ, ಇನ್ನೇನು ನನ್ನ ಮೈವಾಸನೆಯೇ ಅದು ಎಂದು ಅವರೇ ನಗುತ್ತಾರೆ.

ಆ ಕಣ್ಣೇ ಕೈಕೊಟ್ಟಿತು. ಮೊದಲು ತಿಳಿದದ್ದು ಮಗಳಿಗೆ. ಮಗಳು ಬಟ್ಟೆ ಹೊಲಿಯುತ್ತಾಳೆ. ಬಿಳಿ ದಾರದ ಉಂಡೆ ಕೊಡಮ್ಮಾ ಅಂದರೆ ತಾಯಿ ಹಳದಿಯದನ್ನು ಎತ್ತಿ ಕೊಟ್ಟರು. ತಮಾಷೆಯೆಂದುಕೊಂಡ ಮಗಳು ಮತ್ತೆ ಕೇಳಿದಳು, ಮತ್ತೆ ಹಳದಿಯೇ ಬಂತು. ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದೂ ಹಳದಿಗಟ್ಟಿದ ಪೊರೆ, ಇಷ್ಟು ದಿನ ಲೋಕವನ್ನೆಲ್ಲ ಅದರ ಮೂಲಕವೇ ನೋಡುತ್ತಿದ್ದಿರಿ ಎಂದರು. ಮೆಲ್ಲಮೆಲ್ಲನೆ ಬಂದದ್ದರಿಂದ ಗೊತ್ತೇ ಆಗಿರಲಿಲ್ಲ. ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿನ ಸರದಿ ಇನ್ನೂ ಬಂದಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ನರ್ಸರಿಗೆ ಬಂದವರು ಸೀದಾ ಹೋದದ್ದು ಈ ಸಾಲಿಗೆ. ಕಳೆದ ಎರಡು ವರ್ಷಗಳಲ್ಲಿ ಬೀಜ ಬಿತ್ತಿದ ಮಡಿಗಳಿಂದ ಅವರು ಬಂಗಾರವೆಂದು ಆರಿಸಿ ನೆಟ್ಟಿದ್ದ ಗಿಡಗಳಿವು. ಎಡಗಣ್ಣಿಗೆ ಬಂಗಾರ. ಬಲಗಣ್ಣಿಗೆ ಹಸಿರು, ಮಾಮೂಲಿ ಹಸಿರು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರಂತೆ. ಮಾಲೀಕರು ಬಯ್ಯಲಿಲ್ಲ. ಕೆಲವು ಗಿಡ ಚಳಿ ಬಿದ್ದ ಮೇಲಷ್ಟೇ ಬಣ್ಣ ತಿರುಗುತ್ತವೆ, ಅಲ್ಲಿವರೆಗೂ ನೋಡೋಣ ಎಂದರು. ಈಗ ಚಳಿ ಬಿದ್ದಿದೆ, ಬಣ್ಣ ತಿರುಗಿಲ್ಲ. ಇವತ್ತು ಸಾಲು ಖಾಲಿ ಮಾಡುವ ದಿನ. ಬೇರೆಯವರಿಗೆ ಹೇಳಬಹುದಿತ್ತು. ನೆಟ್ಟ ಕೈಯೇ ಕೀಳಲಿ ಎಂದು ಹಟ ಹಿಡಿದವರು ದೊಡ್ಡಮ್ಮನೇ.

ಅವರ ಸಂಕಟ ಈ ಸಾಲಿನದಲ್ಲ ಎಂದು ನನಗೆ ಅರ್ಥವಾಗುವುದು ಕೊನೆಯ ಗಿಡ ಕಿತ್ತು ಕೈ ತೊಳೆಯುವಾಗ. "ತಪ್ಪಾಗಿ ಇಟ್ಕೊಂಡಿದ್ದನ್ನ ಕಿತ್ತು ಹಾಕಬಹುದು. ತಪ್ಪಾಗಿ ಎಸೆದಿದ್ದನ್ನ ಎಲ್ಲಿಂದ ತರ್ಲಿ?" ಎನ್ನುತ್ತಾರೆ. ಹಸಿರನ್ನು ಬಂಗಾರವೆಂದು ಇಟ್ಟುಕೊಂಡ ಕಣ್ಣು, ನಿಜವಾದ ಬಂಗಾರವನ್ನು ಹಸಿರಿನ ಜೊತೆ ಸೇರಿಸಿ ಆಚೆ ಹಾಕಿರಬಹುದಲ್ಲವೇ? ಸಾವಿರಾರು ಸಸಿಗಳಲ್ಲಿ ಒಮ್ಮೆ ಹುಟ್ಟಿದ್ದು ಮತ್ತೆ ಹುಟ್ಟಬೇಕೆಂದಿಲ್ಲ. ಹೇಳುತ್ತಾ ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತಾರೆ.

ಆದರೆ ಈ ನರ್ಸರಿಯಲ್ಲೊಂದು ರೂಢಿಯಿದೆ. ಬೇಡವಾದ ಸಸಿಗಳನ್ನು ಗೇಟಿನ ಹೊರಗೆ ರಾಶಿ ಹಾಕುತ್ತಾರೆ, ಬೇಕಾದವರು ಪುಕ್ಕಟೆ ಒಯ್ಯಬಹುದು. ಸುತ್ತಲಿನ ಬೀದಿಗಳ ಬೇಲಿ, ಅಂಗಳಗಳಲ್ಲೆಲ್ಲ ಇಲ್ಲಿ ತಿರಸ್ಕೃತವಾದ ಗಿಡಗಳೇ. ಆಪರೇಷನ್ ಆದಾಗಿನಿಂದ ದೊಡ್ಡಮ್ಮ ರಜೆ ಸಿಕ್ಕಾಗಲೆಲ್ಲ ಬೀದಿ ಸುತ್ತಿದ್ದಾರೆ. ಕಾಂಪೌಂಡುಗಳ ಮೇಲೆ ಇಣುಕಿದ್ದಾರೆ. ಕಳ್ಳಿಯೆಂದು ನಾಯಿ ಛೂ ಬಿಟ್ಟವರೂ ಇದ್ದಾರೆ.

ಕಳೆದ ತಿಂಗಳು ಇಸ್ತ್ರಿ ಅಂಗಡಿಯವಳ ಹಿತ್ತಲಲ್ಲಿ ಅದು ಸಿಕ್ಕಿತು. ಮೋಡದ ದಿನ, ಸೊಂಟದೆತ್ತರದ ಗಿಡ, ಬುಡದಿಂದ ತುದಿಯವರೆಗೆ ಬಂಗಾರ. ಒಡತಿಗೋ ಅದರದ್ದೇ ಚಿಂತೆ. "ನರ್ಸರಿ ಗೇಟಿನ ರಾಶಿಯಿಂದ ತಂದಿದ್ದು. ಎಷ್ಟು ಗೊಬ್ಬರ ಹಾಕಿದ್ರೂ ಮೈಗೆ ಹತ್ತಲ್ಲ ಅಕ್ಕ, ಕಾಮಾಲೆ ಹಿಡಿದಿದೆ ಇದಕ್ಕೆ. ಕಿತ್ತು ಹಾಕೋಣ ಅಂತಿದ್ದೆ" ಎಂದಳು. ದೊಡ್ಡಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತರು. ಆಮೇಲೆ ಎಲ್ಲ ಹೇಳಿದರು. ಅವಳು ಹಾಗಾದರೆ ಗಿಡವನ್ನೇ ತೆಗೆದುಕೊಂಡು ಹೋಗಿ ಎಂದಳು. ಇವರು ಒಪ್ಪಲಿಲ್ಲ. ಇಷ್ಟು ಬೆಳೆದದ್ದನ್ನು ಅಗೆದರೆ ಬದುಕುವ ಭರವಸೆಯಿಲ್ಲ. ಮೇಲಾಗಿ, ಎರಡು ವರ್ಷ ನೀರು ಹಾಕಿದವಳು ಅವಳು. ಒಂದೇ ಒಂದು ಕಡ್ಡಿ ಕೇಳಿ ಪಡೆದರು.

ಈಗ ನನ್ನನ್ನು ಕಸಿ ಶೆಡ್ಡಿಗೆ ಕರೆದೊಯ್ಯುತ್ತಾರೆ. ಗಾಜಿನ ಮುಚ್ಚಳದಡಿ, ಪುಟ್ಟ ಕುಂಡದಲ್ಲಿ ಹಸಿರು ಗಿಡವೊಂದರ ಕಾಂಡಕ್ಕೆ ಕಿರುಬೆರಳುದ್ದದ ಹಳದಿ ಕಡ್ಡಿ ಕಟ್ಟಿದೆ. ಕಸಿ ಹತ್ತಿದೆಯೇ ಎಂದರೆ, ಮೊಗ್ಗು ಉಬ್ಬುತ್ತಿದೆ, ಇನ್ನೂ ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ. ಕಡ್ಡಿ ಒಂದು ಮಗ್ಗುಲಿಗೆ ವಾಲಿದೆ. ಮಾಲೀಕರಿಗೆ ಅದೊಂದೇ ಅಸಮಾಧಾನವಂತೆ. ಈ ಜಾತಿಯಲ್ಲಿ ನೆತ್ತಿಯ ಕುಡಿ ತಂದು ಕಟ್ಟಿದರೆ ಗಿಡ ನೆಟ್ಟಗೆ ಏಳುತ್ತದೆ. ಪಕ್ಕದ ಕೊಂಬೆಯದನ್ನು ಕಟ್ಟಿದರೆ ಅದು ತಾನಿನ್ನೂ ಕೊಂಬೆಯೆಂದೇ ತಿಳಿದು ವರ್ಷಗಟ್ಟಲೆ ಅಡ್ಡಡ್ಡ ಹೋಗುತ್ತದೆ, ಊರುಗೋಲು ಕಟ್ಟಿ ಕಟ್ಟಿ ನಿಲ್ಲಿಸಬೇಕು. ಹೀಗೆಂದು ಇಡೀ ನರ್ಸರಿಗೆ ಕಲಿಸಿದವರೇ ದೊಡ್ಡಮ್ಮ. ಆದರೂ ತಾವು ತಂದದ್ದು ಪಕ್ಕದ ಕೊಂಬೆಯದು; ನೆತ್ತಿಯ ಕುಡಿ ಚಿವುಟಿದ್ದರೆ ಇಸ್ತ್ರಿ ಅಂಗಡಿಯವಳ ಗಿಡ ಮೊಂಡಾಗುತ್ತಿತ್ತು.

ಅವಳು ಕೊಡುತ್ತಿರಲಿಲ್ಲವೇ ಎಂದು ಕೇಳುತ್ತೇನೆ. ಕೊಡ್ತಿದ್ಲು, ಕತ್ತರೀನೂ ಅವಳೇ ತಂದುಕೊಟ್ಟಳು ಎನ್ನುತ್ತಾ ದೊಡ್ಡಮ್ಮ ವಾಲಿದ ಕಡ್ಡಿಗೆ ಒಂದು ಸಣ್ಣ ಕೋಲು ಊರಿ, ದಾರ ಸುತ್ತಿ, ಸಡಿಲವಾಗಿ ಗಂಟು ಹಾಕುತ್ತಾರೆ.

"ಒಂದ್ಸಲ ಗುರುತು ಸಿಗದೆ ಎಸೆದಿದ್ದೀನಿ. ಗುರುತು ಸಿಕ್ಕಿದ ಮೇಲೆ ತಲೆ ಕಡೀಲಾ?"