ಗೋಡೆಯಾಚೆಯ ಗುಡುಗುಡು

ನಮ್ಮ ಕಡೆ ಒಂದು ಸದ್ದಿಗೆ ಜನ ಇವತ್ತಿಗೂ ಮನೆ ಬಿಟ್ಟು ಓಡುತ್ತಾರೆ. ನೆಲದೊಳಗಿಂದ ಬಂದಂತೆ ಕೇಳುವ ಗುಡುಗುಡು ಅದು. ಊರೂರುಗಳನ್ನೇ ಕೆಡವಿದ ಭೂಕಂಪವಾಗಿ ಎಷ್ಟೋ ವರ್ಷಗಳಾದ ಮೇಲೆ ನಾನು ಮರಾಠಿ ಗಡಿಯ ನಿಲಂಗಾದಲ್ಲಿ ಸ್ಪೀಕರ್ ರಿಪೇರಿ ಅಂಗಡಿ ತೆರೆದೆ. ಆಮೇಲೆ ಆ ಸದ್ದು ದಿನಾ ನನ್ನ ಮೇಜಿನ ಮೇಲಿಂದಲೇ ಹೊರಡತೊಡಗಿತು.

ಕೆಲಸ ಕಲಿತದ್ದು ಉದಗೀರದಲ್ಲಿ, ಸೋದರಮಾವನ ಅಂಗಡಿಯಲ್ಲಿ. ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ದೊಡ್ಡ ಸ್ಪೀಕರ್ ಡಬ್ಬಿಗಳು ಆಗ ಊರೂರಿಗೆ ಬರುತ್ತಿದ್ದವು. ವೈರ್ ಚುಚ್ಚಿದರೆ ಸಾಕು, ಹಾಡು. ಹೊರುವವರಿಗೆ ಸುಖ, ರಿಪೇರಿಯವರಿಗೆ ಫಜೀತಿ. ಕರೆಂಟು, ಕಾವು, ನಡುಕ ಎಲ್ಲವೂ ಒಂದೇ ಡಬ್ಬಿಯಲ್ಲಿ ಸೇರಿ ಒಂದನ್ನೊಂದು ಕೆಡಿಸುತ್ತಿದ್ದವು. ಮದುವೆಯಾಗಿ ನಿಲಂಗಾಕ್ಕೆ ಬಂದ ಮೇಲೂ ನಾನು ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಹೆಂಗಸೊಬ್ಬಳು ಬೆಸುಗೆ ಹಾಕುವುದನ್ನು ನೋಡಲೆಂದೇ ಕೆಲವರು ಬಂದರು, ನೋಡಿ ನೋಡಿ ಬೇಸತ್ತು ಹೋದರು. ನಾನು ಕೂತೇ ಇದ್ದೆ.

ಅಂಗಡಿಯ ಮಾಲಕರು ಬಟ್ಟೆ ವ್ಯಾಪಾರಿ. ಓಣಿಯ ಕಡೆ ಅವರ ದುಕಾನು, ಪಕ್ಕದ ಸಣ್ಣ ಕೋಣೆ ನನ್ನದು. ನನ್ನ ಹಿಂಗೋಡೆಯ ಆಚೆಗೆ ಅವರ ತಾಯಿಯ ಕೋಣೆ. ಓಣಿಯವರೆಲ್ಲ ಆ ಮುದುಕಿಯನ್ನು ಆಯಿ ಎನ್ನುತ್ತಿದ್ದರು. ಭೂಕಂಪದಲ್ಲಿ ಆಯಿಯ ತವರಿನ ಕಲ್ಲುಮಣ್ಣಿನ ಮನೆ ಕುಸಿದು ಅವರ ಅಣ್ಣ ಅದರಡಿ ಹೋಗಿದ್ದರು. ಅಂದಿನಿಂದ ಅವರು ಹಲಗೆಯ ಮೇಲೆ ಸ್ಟೀಲ್ ಲೋಟಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಜೋಡಿಸಿಡುತ್ತಿದ್ದರು. ನೆಲ ಅಲುಗಿದರೆ ಮೊದಲು ಅವು ಬೀಳುತ್ತವೆ, ಓಡಲು ಒಂದಿಷ್ಟು ಹೊತ್ತು ಸಿಗುತ್ತದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆ ಇಡುತ್ತಿದ್ದರು, ಯಾರೂ ನಗುತ್ತಿರಲಿಲ್ಲ.

ನಾನು ರಿಪೇರಿ ಮಾಡಿದ ಸ್ಪೀಕರಿಗೆ ಪರೀಕ್ಷೆಗೆಂದು ಢೋಲಕಿಯ ಹಾಡು ಹಚ್ಚುತ್ತಿದ್ದೆ. ಗೋಡೆಯಾಚೆ ಲೋಟಗಳು ಖಣಖಣ ಉರುಳುತ್ತಿದ್ದವು. ಆಯಿ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಓಣಿಯ ನಡುವೆ ಬಂದು ನಿಲ್ಲುತ್ತಿದ್ದರು. ಅವರನ್ನು ನೋಡಿ ಉಳಿದವರೂ ಹೊರಬೀಳುತ್ತಿದ್ದರು. ನಾನು ಸ್ಪೀಕರ್ ನಿಲ್ಲಿಸಿ, ಕೈಮುಗಿದು, ತಪ್ಪಾಯಿತೆಂದು ಹೇಳಿ ಒಳಗೆ ಬರುತ್ತಿದ್ದೆ. ಮಾರನೆಯ ದಿನ ಮತ್ತೆ ಅದೇ.

ಮಾಲಕರು ಮೊದಲು ಮೆಲ್ಲಗೆ ಹಚ್ಚು ಎಂದರು. ಆಮೇಲೆ ಢಬ್ ಢಬ್ ಇಲ್ಲದೆ ರಿಪೇರಿ ಮಾಡು ಎಂದರು. ಅದು ಉಪ್ಪು ನೋಡದೆ ಊರಿಗೆಲ್ಲ ಊಟ ಬಡಿಸಿದ ಹಾಗೆ, ನನ್ನಿಂದಾಗದು ಎಂದೆ. ಕಡೆಗೊಮ್ಮೆ ಬಾಗಿಲಲ್ಲಿ ನಿಂತು ಅವರು ಹೇಳಿಯೇಬಿಟ್ಟರು:

"ಬಸ್ ಝಾಲಂ, ಸಾಕಾತು ತಂಗಿ. ಅಮಾಸಿ ಒಳಗ ಅಂಗಡಿ ಖಾಲಿ ಮಾಡು."

ಊರಲ್ಲಿ ಬೇರೆ ಕಡೆ ಕೇಳಿ ನೋಡಿದೆ. ಓಣಿಯವರನ್ನೆಲ್ಲ ಓಡಿಸುವ ಹೆಂಗಸು ಎಂಬ ಹೆಸರು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಇಲ್ಲಿ ಬಿಟ್ಟರೆ ನನ್ನ ಕೆಲಸವೇ ಮುಗಿದಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಯಿಯ ಮೇಲಲ್ಲ. ನಾನೂ ಭೂಕಂಪದ ಆ ಬೆಳಗಿನ ಜಾವ ಅವ್ವನ ಸೆರಗು ಹಿಡಿದು ಕತ್ತಲಲ್ಲಿ ಓಡಿದವಳೇ. ಗೋಡೆಗಳು ಬಿದ್ದವು, ಸರಿ. ಆದರೆ ಉಳಿದವರು ಜೀವಮಾನವಿಡೀ ಒಂದು ಸದ್ದಿಗೆ ಬಾಲ ಮುದುರಿಕೊಂಡು ಬದುಕಬೇಕು ಎಂದರೆ ನಾನು ಒಪ್ಪುವವಳಲ್ಲ.

ಅಮಾವಾಸ್ಯೆ ಹತ್ತಿರವಾದಾಗ ತುರೋರಿಯ ಭಜನಾ ಮಂಡಳಿಯವರು ಒಂದು ಸ್ಪೀಕರ್ ತಂದಿಟ್ಟು, ಸಂಜೆ ಬರುತ್ತೇವೆಂದು ಹೋದರು. ಹಾಡದಿದ್ದರೂ ತನ್ನಷ್ಟಕ್ಕೆ ಗುಡುಗುತ್ತದೆ ಎಂದಿದ್ದರು. ಸ್ವಿಚ್ ಹಾಕಿದೆ. ಹೌದು, ಥೇಟ್ ಅದೇ ಸದ್ದು. ಒಂದು ಕ್ಷಣ ನನ್ನ ಕಾಲೂ ಬಾಗಿಲಿನ ಕಡೆ ತಿರುಗಿತ್ತು.

ಗೋಡೆಯಾಚೆ ಲೋಟ ಬಿದ್ದವು. ಆಯಿ ಹೊರಗೆ ಬಂದರು, ಓಣಿ ತುಂಬಿತು, ಮಾಲಕರು ಕೈಯಲ್ಲಿ ಗಜಕೋಲು ಹಿಡಿದೇ ಓಡಿಬಂದರು. ಆವತ್ತು ನಾನು ಸ್ಪೀಕರ್ ನಿಲ್ಲಿಸಲಿಲ್ಲ, ಕೈಯೂ ಮುಗಿಯಲಿಲ್ಲ. ನೆಟ್ಟಗೆ ಹೋಗಿ ಆಯಿಯ ಮೊಳಕೈ ಹಿಡಿದೆ.

"ಓಡಿದ್ದು ಸಾಕ್ರಿ ಆಯಿ. ಏನದ ಅಂತ ಒಮ್ಮಿ ಒಳಗ ಬಂದು ನೋಡ್ರಿ."

ಮಾಲಕರು ಹಿಂದಿನಿಂದ ಏನೇನೋ ಅನ್ನುತ್ತಿದ್ದರು. ಆಯಿ ಹೊಸ್ತಿಲಲ್ಲಿ ಒಂದಿಷ್ಟು ನಿಂತು, ಆಮೇಲೆ ಒಳಗೆ ಕಾಲಿಟ್ಟರು.

ಡಬ್ಬಿಯ ಮುಂದಿನ ಜಾಲರಿ ಬಿಚ್ಚಿದೆ. ಒಳಗಿನ ಕಪ್ಪು ಕಾಗದದ ಕೋನ್ ಹೊರಗೂ ಒಳಗೂ ಜಿಗಿಯುತ್ತಿತ್ತು. ಅವರ ಅಂಗೈಯನ್ನು ಹಿಡಿದು ಡಬ್ಬಿಯ ಮೇಲಿಟ್ಟೆ. ಆಯಿ ಬಗ್ಗಿ ಆ ಕಾಗದವನ್ನೇ ನೋಡಿದರು.

"ಇಷ್ಟ ಕಾಗದೇನ ಇದು?" ಎಂದರು.

"ಇಷ್ಟೇ ರೀ."

ಹಾಡಿನ ವೈರ್ ಕಿತ್ತು ತೋರಿಸಿದೆ, ಗುಡುಗು ನಿಲ್ಲಲಿಲ್ಲ. ದನಿಯ ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದೆ, ಆಗಲೂ ನಿಲ್ಲಲಿಲ್ಲ. ಅಂದರೆ ರೋಗ ಹೊರಗಿನದಲ್ಲ, ಹೊಟ್ಟೆಯೊಳಗಿನದು ಎಂದು ಹೇಳಿದೆ. ಸ್ವಿಚ್ ತೆಗೆದಾಗ ಸದ್ದು ಗೊಣಗುತ್ತ ಇಳಿದು ಸುಮ್ಮನಾಯಿತು. ಆಯಿ ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು. ಮಗ ಕರೆದರೂ ಏಳಲಿಲ್ಲ.

ಅವರೆದುರಿಗೇ ಹಿಂಬದಿ ಬಿಚ್ಚಿದೆ. ಉಳಿದ ಕರೆಂಟನ್ನು ಇಳಿಸಿದೆ, ಇಲ್ಲದಿದ್ದರೆ ಸ್ವಿಚ್ ತೆಗೆದ ಮೇಲೂ ಅದು ಕೈಗೆ ಹೊಡೆಯುತ್ತದೆ. ಕರೆಂಟನ್ನು ಹದವಾಗಿ ಹಿಡಿದಿಡಬೇಕಾದ ಕಂಡೆನ್ಸರಿನ ತಲೆ ಪೂರಿಯ ಹಾಗೆ ಉಬ್ಬಿತ್ತು. ಅದನ್ನು ಕಿತ್ತು ಹೊಸದನ್ನು ಬೆಸೆದೆ. ನಡುವೆ ಒಂದು ಬಲ್ಬು ಜೋಡಿಸಿ ಕರೆಂಟು ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ. ಅದು ಫಕ್ಕನೆ ಹೊಳೆದು ಮಂಕಾಯಿತು. ಡಬ್ಬಿ ತುಟಿಪಿಟಕ್ಕೆನ್ನಲಿಲ್ಲ. ಬಲ್ಬು ಬಿಡಿಸಿ ಡಬ್ಬಿಯನ್ನು ನೆಟ್ಟಗೆ ಬೋರ್ಡಿಗೆ ಹಚ್ಚಿದೆ.

ಮಾಲಕರಿಗೆ ಸಮಾಧಾನವಾಯಿತು. ಸುಮ್ಮನಾಯಿತಲ್ಲ, ಇಷ್ಟಕ್ಕೇ ಬಿಡು ಎಂದರು. ಬಿಡುವುದಿಲ್ಲ ಎಂದೆ. ಢೋಲಕಿ ಬಾರಿಸಿ ನೋಡದೆ ಇದನ್ನು ತುರೋರಿಗೆ ಕಳಿಸಿ, ಅಲ್ಲಿ ಭಜನೆಯ ನಡುವೆ ಕೈಕೊಟ್ಟರೆ ಬೈಸಿಕೊಳ್ಳುವವಳು ನಾನು. ಅಮಾವಾಸ್ಯೆಯವರೆಗೆ ಅಂಗಡಿ ನನ್ನದು, ಅಲ್ಲಿಯವರೆಗೆ ಕೆಲಸ ನನ್ನ ರೀತಿಯಲ್ಲೇ ಆಗುತ್ತದೆ ಎಂದು ಅವರ ಮುಖ ನೋಡಿಯೇ ಹೇಳಿದೆ. ಭಜನೆಯ ಹಾಡು ಜೋಡಿಸಿ, ದನಿ ಏರಿಸಿ, ಸ್ವಿಚ್ಚಿಗೆ ಕೈ ಚಾಚಿದೆ.

ಆಯಿ ನನ್ನ ಕೈ ಸರಿಸಿದರು. ತಮ್ಮ ಬೆರಳಿಂದ ತಾವೇ ಸ್ವಿಚ್ ಒತ್ತಿದರು.

ಢೋಲಕಿ ಗುದ್ದಿತು. ಓಣಿಯಲ್ಲಿದ್ದವರು ಬೆಚ್ಚಿಬಿದ್ದರು. ಆಯಿಯೂ ಬೆಚ್ಚಿದರು, ಕಣ್ಣು ಮುಚ್ಚಿದರು, ಆದರೆ ಬೆರಳು ತೆಗೆಯಲಿಲ್ಲ. ಇನ್ನೊಮ್ಮೆ ಒತ್ತಿದರು. ಸದ್ದು ನಿಂತಿತು. ಮತ್ತೆ ಒತ್ತಿದರು, ಬಂತು. ಮತ್ತೆ ಒತ್ತಿದರು, ನಿಂತಿತು.

"ಅವ್ವಾ, ಹೊರಗ ಬಾ," ಎಂದರು ಮಾಲಕರು.

"ನೀ ಒಳಗ ಬಾ," ಎಂದರು ಆಯಿ. "ಭೂಮಿಗಿ ಇಂಥದೊಂದು ಸ್ವಿಚ್ ಇದ್ದಿದ್ರ ನಮ್ಮಣ್ಣ ಇವತ್ತ ಇರ್ತಿದ್ದ. ಈಕಿ ಅಂಗಡಿ ಎಲ್ಲೂ ಹೋಗಂಗಿಲ್ಲ. ದಿನಾ ಬಂದು ಈ ಗುಡುಗು ನಾನೇ ಬಂದ್ ಮಾಡ್ತೀನಿ."