ಬರೆಯದೆ ಉಳಿದ ಐದನೆಯ ಅಧ್ಯಾಯ

ಕಳೆದ ವಾರ ಮಿರಜಿನ ಗಲ್ಲಿಯೊಂದರಲ್ಲಿ ಹೋಗುವಾಗ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ವಾಸನೆ ಬಂತು. ತಂಬೂರಿಗೆ ಹಚ್ಚುವ ಪಾಲಿಶ್. ಕಾಲು ತಾನಾಗಿ ನಿಂತಿತು. ಪಕ್ಕದ ಮನೆಯ ಕಾಕಾ ನೆನಪಾದರು…

ಅವರು ಅಥಣಿ ಕಡೆಯಿಂದ ಕೂಲಿಗೆ ಬಂದವರು, ವಾದ್ಯ ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ. ರವಿವಾರವೂ ತಂಬೂರಿಯ ಒಂದೆರಡು ಸೋರೆ ಬುರುಡೆ ಮನೆಗೆ ತಂದು, ಕಟ್ಟೆಯ ಮೇಲೆ ಕೂತು ಅರಿವೆಯಿಂದ ತಿಕ್ಕುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದೆ, ಅವರು ಕೈ ನಿಲ್ಲಿಸದೆ ಕೇಳುತ್ತಿದ್ದರು. ಪುಸ್ತಕಗಳು ಮುಗಿದಾಗ ನಾನೇ ಒಂದನ್ನು ಬರೆಯತೊಡಗಿದೆ. ಆಗ ಬಿ.ಎ. ಎರಡನೆಯ ವರ್ಷ.

ಅರಿಶಿನ ತುಂಬಿಡುವ ನೆಲದೊಳಗಿನ ಹಗೇವು. ಬಾಯಿ ಮುಚ್ಚಿ ಆರು ತಿಂಗಳಾಗಿದೆ. ತೆರೆದಾಗ ಅರಿಶಿನದ ಮೇಲೊಂದು ಹೆಣ. ಇದು ನನ್ನ ಕಥೆ. ಮೊದಲ ಅಧ್ಯಾಯ ಕೇಳಿದ ಕಾಕಾ ಮೊದಲ ಸಲ ಅರಿವೆ ಕೆಳಗಿಟ್ಟರು.

“ಹಗೇವು ತೆಗೆದ ಕೂಡಲೇ ಒಳಗ ಇಳಿಯಾಕ ಬರಂಗಿಲ್ಲವ್ವಾ, ಉಸಿರು ಕಟ್ಟತೈತಿ. ನಿನ್ನ ಪೊಲೀಸ ಹೆಂಗ ಇಳಿದ?”

ಅಧ್ಯಾಯ ಪೂರ್ತಿ ತಿದ್ದಿ ಬರೆದೆ. ಆಮೇಲೆ ಪ್ರತಿ ರವಿವಾರ ಇಂಥದೇ ಒಂದು ಪ್ರಶ್ನೆ. ನಾಲ್ಕು ಅಧ್ಯಾಯಗಳಾದವು.

ಅವನ್ನು ಸಾಂಗ್ಲಿಯ ಕಾಲೇಜಿಗೆ ಒಯ್ದು ನಮ್ಮ ಕನ್ನಡದ ಸರ್‌ಗೆ ಕೊಟ್ಟದ್ದು ನನ್ನ ಬುದ್ಧಿ. ಅವರು ಎರಡು ಪುಟ ಓದಿ, ಮುಂದೇನಾಯಿತು ಎಂಬ ಕುತೂಹಲದ ಮೇಲೆ ನಿಂತದ್ದು ಸಾಹಿತ್ಯವಲ್ಲ, ಬಸ್ಸಿನಲ್ಲಿ ಓದಿ ಬಿಸಾಕುವ ಸರಕು ಎಂದರು. ಕೈಯಲ್ಲಿ ಭಾಷೆ ಇದೆ, ಹಾಳು ಮಾಡಿಕೊಳ್ಳಬೇಡ ಎಂದೂ ಹೇಳಿದರು. ನಾನು ಹಿಗ್ಗಿದೆ. ಹದಿನೈದು ದಿನದಲ್ಲಿ ಕಿಟಕಿಯ ಬಳಿ ಕೂತ ಮುದುಕಿಯೊಬ್ಬಳ ಕಥೆ ಬರೆದೆ. ಅದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂತು.

ಅದನ್ನೂ ಕಾಕಾಗೆ ಓದಿದೆ. ಮುಗಿದ ಮೇಲೆ ಅವರು ಮುಂದಿನ ಪುಟಕ್ಕಾಗಿ ಕಾದರು. ಮುದುಕಿಗೆ ಏನಾಯಿತು ಎಂದು ಕೇಳಿದರು. ಏನೂ ಆಗಲಿಲ್ಲ, ಕಥೆಯೇ ಅಷ್ಟು ಎಂದೆ.

“ಚಂದ ಬರದೀ,” ಎಂದರು. ಆಮೇಲೆ ಮೆಲ್ಲಗೆ, “ಹಗೇವಿಂದು ಎಲ್ಲಿಗೆ ಬಂತವ್ವಾ? ಕೊಂದಾವ ಯಾರು?”

ನನಗೆ ಸಿಟ್ಟು ಬಂತು. ಯಾಕೆ ಅಷ್ಟು ಸಿಟ್ಟೆಂದು ಆಗ ತಿಳಿಯಲಿಲ್ಲ.

“ಅದು ಬಿಟ್ಟೇನ್ರಿ ಕಾಕಾ. ಅಂಥಾದ್ದು ಓದು ಬರದವರಿಗೆ ಹೇಳೂ ಕಥಿ.”

ಅವರು ಅರಿವೆಯನ್ನು ಅರಗಿನಲ್ಲಿ ಅದ್ದಿ ಬುರುಡೆಯ ಅದೇ ಜಾಗವನ್ನು ಬಹಳ ಹೊತ್ತು ತಿಕ್ಕಿದರು. ಮುಂದಿನ ರವಿವಾರಗಳಲ್ಲಿ ಊಟ ಆತೇನು, ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದರು. ಕಥೆಯ ಮಾತು ಮತ್ತೆಂದೂ ಎತ್ತಲಿಲ್ಲ. ಮರುವರ್ಷ ದಮ್ಮು ಹೆಚ್ಚಾಗಿ ಊರಿಗೆ, ಮಗಳ ಮನೆಗೆ ಹೋದರು. ಆರು ತಿಂಗಳಿಗೆ ಅಲ್ಲೇ ತೀರಿಕೊಂಡರಂತೆ…

ಈಗ ನಾನು ಓದುವ ಎಂ.ಎ. ತರಗತಿಯಲ್ಲಿ ವಾರಕ್ಕೊಮ್ಮೆ ಇದೇ ಜಗಳ, ಗಂಭೀರ ಸಾಹಿತ್ಯವೋ ಜನಪ್ರಿಯ ಸಾಹಿತ್ಯವೋ ಎಂದು. ಎರಡೂ ಕಡೆಯವರ ಮಾತಿಗೆ ತಲೆ ಕೆಡುತ್ತದೆ. ಮೇಲು ಕೀಳು ಎನ್ನುವವರು ಕೊಲೆಯ ಕಥೆಯೊಂದನ್ನು ಐದನೆಯ ಅಧ್ಯಾಯದವರೆಗೆ ಒಯ್ದು ನೋಡಲಿ. ಎಲ್ಲವೂ ಒಂದೇ ಎನ್ನುವವರೂ ನೋಡಲಿ. ಮುದುಕಿಯನ್ನು ಕಿಟಕಿಯ ಬಳಿ ಕೂಡಿಸಿ ನಾನು ಎದ್ದು ಬರಬಹುದಿತ್ತು. ಹಗೇವಿನ ವಿಷಯದಲ್ಲಿ ಹಾಗಾಗುತ್ತಿರಲಿಲ್ಲ. ಕಾಕಾ ಕೇಳುತ್ತಿದ್ದರು.

ವಾಸನೆ ಬಂದ ಆ ದಿನ ಮನೆಗೆ ಬಂದು ಅವರ ಮಗಳಿಗೆ ಫೋನ್ ಮಾಡಿದೆ. ಅಪ್ಪ ಕಡೆಯ ದಿನಗಳಲ್ಲಿ ಮೊಮ್ಮಕ್ಕಳಿಗೆ ಹಗೇವಿನ ಕಥೆ ಹೇಳುತ್ತಿದ್ದರಂತೆ. ನಾಲ್ಕೂ ಅಧ್ಯಾಯ, ಒಂದು ಮಾತೂ ಬಿಡದೆ. ಕೊಂದವನು ಯಾರು ಎಂದು ಮಕ್ಕಳು ಪೀಡಿಸಿದರೂ ತಾವಾಗಿ ಯಾರ ಹೆಸರನ್ನೂ ಹೇಳಲಿಲ್ಲವಂತೆ.

“ಅದು ಆಕಿಗೆ ಗೊತ್ತೈತಿ, ಆಕೀನ ಹೇಳಬೇಕು ಅಂತಿದ್ದ ಅಪ್ಪ,” ಎಂದಳು. “ಯಾರ್ರೀ ಅಕ್ಕಾ ಅವ?”

ನಾನು ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟೆ. ಕೊಂದವನು ಯಾರೆಂದು ನನಗೆ ಆಗಲೂ ಗೊತ್ತಿರಲಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ದಾರಿ ಕಾಣದೆ ನಿಂತಿದ್ದೆ, ಸರ್ ಅಂದ ಮಾತು ಅನುಕೂಲಕ್ಕೆ ಬಂತು. ಕಾಕಾ ಮಾತ್ರ ನನಗೆಲ್ಲ ಗೊತ್ತಿದ್ದೂ ತಮಗೆ ಹೇಳಲಿಲ್ಲವೆಂದೇ ನಂಬಿ ಹೋದರು.