ತಾಂಡ್ರ ಮಾಡುವ ಕಪ್ಪೆ

ಮಕ್ಕಳ ಕೈಗೆ ಏನು ಕೊಡುವುದಿದ್ದರೂ ಮೊದಲು ನಾನು ನೋಡುತ್ತೇನೆ. ಹಾಲಾದರೆ ಬಿಸಿ ಎಷ್ಟಿದೆ ಎಂದು ನೋಡುತ್ತೇನೆ, ಪುಸ್ತಕವಾದರೆ ಕೊನೆಯ ಪುಟದವರೆಗೂ ಓದುತ್ತೇನೆ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಷ್ಟು ಕಾಲ ಲೈಬ್ರರಿಗೆ ಬಂದ ಯಾವ ಹೊಸ ಪುಸ್ತಕವೂ ನನ್ನ ಮೇಜು ದಾಟದೆ ಮಕ್ಕಳಿಗೆ ಸಿಗುತ್ತಿರಲಿಲ್ಲ. ಹಾಗಾಗಿ, ಕೋಲಾರದಲ್ಲಿರುವ ಮಗಳು ಫೋನ್ ಮಾಡಿ, "ಅಮ್ಮ, ಭಾನುವಾರ ಮಗೂನ ಕರ್ಕೊಂಡು ಬರ್ತೀನಿ. ಅಪ್ಪ ತಂದಿದ್ರಲ್ಲ, ಆ ಬಾತುಕೋಳಿ ಸಿನಿಮಾ, ಅದನ್ನ ಹುಡುಕಿಟ್ಟಿರು. ಇವಳಿಗೆ ತೋರಿಸ್ಬೇಕು" ಎಂದಾಗ, ಹುಡುಕಿಟ್ಟು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಶುಕ್ರವಾರವೇ ಅದನ್ನು ಹಾಕಿ ನೋಡಲು ಕುಳಿತೆ.

ಆ ಡಿವಿಡಿಯನ್ನು ನನ್ನ ಯಜಮಾನರು ಕೋಲಾರದ ಬಸ್ ಸ್ಟ್ಯಾಂಡಿನ ಅಂಗಡಿಯೊಂದರಿಂದ ತಂದಿದ್ದರು. ಮಗಳು ಆಗ ಎರಡನೇ ಕ್ಲಾಸು. ಆ ಬೇಸಿಗೆ ರಜೆಯಲ್ಲಿ ಅವಳೂ ಪಕ್ಕದ ಮನೆಯ ಮಕ್ಕಳೂ ದಿನಾ ಮಧ್ಯಾಹ್ನ ಅದನ್ನೇ ನೋಡಿದರು. ಯಜಮಾನರಿಗೆ ಮಾವಿನ ಮಂಡಿಯಲ್ಲಿ ಹರಾಜು ಕೂಗುವ ಕೆಲಸ. ಬೆಳಗಿನಿಂದ ಕೂಗಿ, ಊಟಕ್ಕೆ ಮನೆಗೆ ಬಂದು, ಸಾಯಂಕಾಲ ಲಾರಿ ತುಂಬುವ ಹೊತ್ತಿಗೆ ಮತ್ತೆ ಹೋಗುವವರು. ನಡುವಿನ ಆ ಎರಡು ಗಂಟೆ ಮಕ್ಕಳ ಜೊತೆ ಟಿವಿ ಮುಂದೆ ಕೂರುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಮಲಗುತ್ತಿದ್ದೆ. ಮುಳಬಾಗಿಲಿನ ನನ್ನ ತವರಿನಲ್ಲೂ, ಆಮೇಲೆ ನಾನು ವಾರ್ಡನ್ ಆಗಿದ್ದ ಹಾಸ್ಟೆಲಿನಲ್ಲೂ ಮಧ್ಯಾಹ್ನದ ನಿದ್ದೆ ಗಡಿಯಾರ ನೋಡಿಯೇ ನಡೆಯುತ್ತಿತ್ತು. ಅದನ್ನು ನಾನು ಯಾರಿಗಾಗಿಯೂ ಬಿಟ್ಟವಳಲ್ಲ. ಆದ್ದರಿಂದ ಆ ಸಿನಿಮಾವನ್ನು ನಾನು ನೋಡಿದ್ದೇ ಇಲ್ಲ. ಬಾಗಿಲಾಚೆಯಿಂದ ಒಮ್ಮೊಮ್ಮೆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುವುದು ಕೇಳಿಸುತ್ತಿತ್ತು, ಅಷ್ಟೆ. ಯಜಮಾನರೇ ಕುಳಿತು ತೋರಿಸುತ್ತಿದ್ದಾರೆ ಎಂದಮೇಲೆ ನಾನು ಬೇರೆ ನೋಡುವುದೇನಿದೆ ಎಂದುಕೊಂಡಿದ್ದೆ.

ಡಬ್ಬಿಯ ಮೇಲೆ ಹಳದಿ ಬಾತುಕೋಳಿ ಮರಿಯೊಂದು ನಗುತ್ತಿತ್ತು. ಒಳಗಿನ ಕಥೆಯೇ ಬೇರೆ. ತಾಯಿಯನ್ನು ಕಳೆದುಕೊಂಡ ಆ ಮರಿ ಹುಡುಕುತ್ತಾ ಹುಡುಕುತ್ತಾ ಒಂದು ಕಲ್ಲಿನ ಮನೆಗೆ ಬರುತ್ತದೆ. ಅಲ್ಲಿರುವುದು ಒಂದು ದೊಡ್ಡ ಕಪ್ಪೆ. ಅದರ ಗಂಟಲ ಚೀಲ ಉಬ್ಬಿ ಇಳಿಯುವುದನ್ನು ಎಷ್ಟು ಹತ್ತಿರದಿಂದ ತೋರಿಸುತ್ತಾರೆಂದರೆ ಚರ್ಮದ ಕೆಳಗೆ ಓಡುವ ನರಗಳೂ ಕಾಣುತ್ತವೆ. ಆ ಕಪ್ಪೆ ಮೇಣದಬತ್ತಿ ಮಾಡುತ್ತದೆ. ಯಾವುದರಿಂದ? ದಾರಿ ತಪ್ಪಿ ಬಂದ ಪ್ರಾಣಿಗಳ ಕೊಬ್ಬಿನಿಂದ. ಕೊಪ್ಪರಿಗೆಯಲ್ಲಿ ಹಳದಿ ಕೊಬ್ಬು ಕುದಿಯುತ್ತದೆ, ಮೇಲೆ ಗುಳ್ಳೆ ಏಳುತ್ತದೆ, ಒಂದು ಗುಳ್ಳೆ ಒಡೆದಾಗ ಒಳಗಿನಿಂದ ಗರಿಯೊಂದು ತೇಲಿ ಬರುತ್ತದೆ. ಕಪ್ಪೆ ಅದನ್ನು ನಾಲಿಗೆಯಿಂದ ಎತ್ತಿ ತೆಗೆಯುತ್ತದೆ. ಹಚ್ಚಿದ ಪ್ರತಿಯೊಂದು ಬತ್ತಿಯೂ ಸಣ್ಣ ದನಿಯಲ್ಲಿ ಅಳುತ್ತದೆ. ಅವುಗಳಲ್ಲಿ ಒಂದು ಮರಿಯ ತಾಯಿ.

ನಾನು ಸುಲಭಕ್ಕೆ ಹೇಸುವವಳಲ್ಲ. ಹಾಸ್ಟೆಲಿನಲ್ಲಿ ಜ್ವರ ಬಂದ ಮಕ್ಕಳ ವಾಂತಿ ಬಳಿದಿದ್ದೇನೆ, ಕಟ್ಟಿಕೊಂಡ ಮೋರಿಗೆ ಕೈ ಹಾಕಿದ್ದೇನೆ. ಅವೆಲ್ಲ ನೀರು ಹಾಕಿ ಉಜ್ಜಿದರೆ ಹೋಗುವ ಹೊಲಸು. ಇದು ಹಾಗಲ್ಲ. ದೊಡ್ಡವರು ಯಾರೋ ಮೇಜಿನ ಮುಂದೆ ಕುಳಿತು, ಮಗುವಿಗೆ ಯಾವುದು ಹೆಚ್ಚು ನೋಯುತ್ತದೆ ಎಂದು ಯೋಚಿಸಿ, ಅದನ್ನೇ ಚಂದದ ಬಣ್ಣದಲ್ಲಿ ಬರೆದಿದ್ದರು. ಮೇಲೆ ಪಿಟೀಲು ಬೇರೆ. ಕೊನೆಗೆ ಮರಿ ಗೆಲ್ಲುತ್ತದೆಯೋ ಎಂದರೆ ಅದೂ ಇಲ್ಲ. ತಾಯಿಯ ಬತ್ತಿ ಉರಿದು ಮುಗಿಯುವವರೆಗೆ ಪಕ್ಕದಲ್ಲಿ ಕುಳಿತಿದ್ದು, ಕತ್ತಲಾದ ಮೇಲೆ ಎದ್ದು ಹೋಗುತ್ತದೆ. ಇದು ಮಕ್ಕಳ ಸಿನಿಮಾ ಅಂತೆ.

ಸಿನಿಮಾಕ್ಕಿಂತ ಹೆಚ್ಚಾಗಿ ನನಗೆ ಯಜಮಾನರ ಮೇಲೆ ಅಸಹ್ಯ ಬಂತು. ಬೇಡವೆಂದರೂ ಬಿಡದೆ ಆ ಮಾತು ಎರಡು ದಿನ ತಲೆಯಲ್ಲೇ ಇತ್ತು. ತಿಳಿದ ಮನುಷ್ಯ, ತಾನೇ ಪಕ್ಕದಲ್ಲಿ ಕುಳಿತು, ಇಡೀ ರಜೆ ಇದನ್ನು ತನ್ನ ಮಗಳಿಗೆ ತೋರಿಸಿದರಲ್ಲ. ಅವರು ಮೊಮ್ಮಗಳು ಹುಟ್ಟುವ ಮೊದಲೇ ತೀರಿಕೊಂಡರು, ಕೇಳೋಣವೆಂದರೆ ಇಲ್ಲ. ಇತ್ತ ಮಗಳು, ತಾತ ಎಂಥವರೆಂದು ಈ ಸಿನಿಮಾ ತೋರಿಸಿ ಮಗುವಿಗೆ ಹೇಳಬೇಕೆಂದು ಹೊರಟಿದ್ದಳು.

ಭಾನುವಾರ ಬಂದರು. ಒಂದನೇ ಕ್ಲಾಸಿನ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ, "ಅಜ್ಜಿ, ತಾತನ ತಾಂಡ್ರ ಸಿನಿಮಾ ಎಲ್ಲಿ?" ಎಂದಳು.

ತಾಂಡ್ರ ಎಂದರೆ ಮಾವಿನ ರಸವನ್ನು ಪದರ ಪದರವಾಗಿ ಒಣಗಿಸಿ ಮಾಡುವ ತಿಂಡಿ. ನಮ್ಮ ಕಡೆ ಬೇಸಿಗೆಯಲ್ಲಿ ಮಾಡುವುದು. ಆ ಸಿನಿಮಾಕ್ಕೂ ಇದಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಮಗುವನ್ನು ಹಿತ್ತಲಿಗೆ ಕಳಿಸಿ ಮಗಳನ್ನು ಅಡುಗೆಮನೆಗೆ ಕರೆದೆ.

"ಆ ಸಿನಿಮಾ ಮಗೂಗೆ ಬೇಡ ಕಣೇ. ನಾನು ನೋಡ್ದೆ. ಹೇಸಿಗೆ."

"ನೀನು ನೋಡೇಬಿಟ್ಟೆಯಾ? ಪಾಸೋ ಫೇಲೋ ಅಂತ ಮಾರ್ಕ್ಸೂ ಹಾಕಿದ್ಯಾ?" ಎಂದು ನಕ್ಕಳು.

"ತಮಾಷೆ ಅಲ್ಲ. ಆ ಕಪ್ಪೆ ಪ್ರಾಣಿಗಳನ್ನ ಕರಗಿಸುತ್ತೆ."

"ಅಯ್ಯೋ ಅಮ್ಮ, ಬೇರೆ ಯಾವುದೋ ಹಾಕ್ಕೊಂಡಿದೀಯ. ನಮ್ ಕಪ್ಪೆ ತಾಂಡ್ರ ಮಾಡುತ್ತೆ. ಕೊಪ್ಪರಿಗೇಲಿ ಮಾವಿನ್ ಹಣ್ಣಿನ ರಸ ಕುದಿಸ್ತಾ ಇರುತ್ತೆ."

ಮಾತು ಬೆಳೆಸಲಿಲ್ಲ. ಟಿವಿ ಹಚ್ಚಿ, ದನಿ ಏರಿಸಿ, ಕೊಪ್ಪರಿಗೆಯ ಭಾಗವನ್ನೇ ಹಾಕಿದೆ. ಅವಳು ನಿಂತೇ ನೋಡಿದಳು. ಬತ್ತಿಗಳು ಅಳತೊಡಗಿದಾಗ ಅವಳ ಕೈ ತಾನಾಗಿ ಸೋಫಾದ ಹಿಂಬದಿಯನ್ನು ಹಿಡಿದುಕೊಂಡಿತು.

"ಈ ಅಳು ಇರ್ಲಿಲ್ಲ," ಎಂದಳು.

"ಇಲ್ದೆ ಏನು? ಎರಡು ತಿಂಗಳು ನಿಮ್ಮಪ್ಪ ಇದನ್ನೇ ತೋರಿಸಿದ್ದು. ಏನಂತ ತೋರಿಸಿದ್ರೋ."

"ಸೌಂಡ್ ಇರ್ಲಿಲ್ಲಮ್ಮ. ನೀನೇ ತಾನೇ ಸೌಂಡ್ ಹಾಕ್ಬೇಡಿ, ನಾನು ಮಲಗ್ತೀನಿ ಅಂತಿದ್ದದ್ದು? ಅಪ್ಪ ಮ್ಯೂಟ್ ಮಾಡಿಬಿಡ್ತಿದ್ರು. ಕಥೆ ಅಪ್ಪಾನೇ ಹೇಳ್ತಿದ್ರು, ಪಿಸುಮಾತಲ್ಲಿ."

ನಾನು ಟಿವಿ ನಿಲ್ಲಿಸಿದೆ. ಅವಳು ಸೋಫಾದಲ್ಲಿ ಕುಳಿತು ಹೇಳುತ್ತಾ ಹೋದಳು. ಕಪ್ಪೆ ಗೌನಿಪಲ್ಲಿ ಕಡೆಯ ವ್ಯಾಪಾರಿ. ಅದಕ್ಕೆ ತೆಲುಗು ಬಿಟ್ಟು ಬೇರೆ ಭಾಷೆ ಬಾರದು. ನೆಲದ ಮೇಲೆ ಬಿದ್ದಿರುವ ಪ್ರಾಣಿಗಳು ಹಣ್ಣು ಹೆಚ್ಚಾಗಿ ತಿಂದು ಮಲಗಿರುವವು. ಬತ್ತಿಗಳು ಬತ್ತಿಗಳಲ್ಲ, ಸುರುಳಿ ಸುತ್ತಿದ ತಾಂಡ್ರ. ಕಪ್ಪೆ ಅವನ್ನು ಹರಾಜು ಹಾಕುತ್ತದೆ. "ಒಕಸಾರಿ, ರೆಂಡುಸಾರಿ" ಎಂದು ಅವಳು ಅಪ್ಪನ ದನಿಯನ್ನೇ ಪಿಸುಗುಟ್ಟಿದಳು. ಬೆಳಗಿನಿಂದ ಮಂಡಿಯಲ್ಲಿ ಕೂಗಿ ಒಡೆದ ಗಂಟಲು ಮನೆಯಲ್ಲಿ ಪಿಸುಗುಟ್ಟುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಸರಿಯಾಗಿ ಹಾಗೆಯೇ ಇತ್ತು.

ಯಜಮಾನರ ಮೇಲಿದ್ದ ಅಸಹ್ಯ ಅಲ್ಲಿಗೆ ಹೋಯಿತು. ಸಿನಿಮಾದ ಮೇಲಿದ್ದದ್ದು ಹೋಗಲಿಲ್ಲ, ಬದಲಿಗೆ ಹೆಚ್ಚಿತು. ಆ ಮನುಷ್ಯ ಮೊದಲ ದಿನವೇ ಇದು ಎಂಥದ್ದೆಂದು ಕಂಡುಕೊಂಡಿದ್ದರು. ಎಸೆಯುವ ಬದಲು ಕುಳಿತು ತೇಪೆ ಹಾಕಿದ್ದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಎಸೆಯುತ್ತಿದ್ದೆ.

"ಮ್ಯೂಟ್ ಮಾಡಿ ತೋರಿಸ್ತೀನಿ. ಅಪ್ಪ ಹೇಳಿದ ಹಾಗೇ ಹೇಳ್ತೀನಿ," ಎಂದಳು ಮಗಳು.

"ಚಿತ್ರ ಅದೇ ಇರುತ್ತಲ್ಲೇ."

"ನಾವು ನೋಡ್ಲಿಲ್ವಾ? ನಮಗೇನಾಯ್ತು?"

ರಿಮೋಟನ್ನು ಅವಳ ಕೈಗೆ ಕೊಟ್ಟೆ. ಮಗುವಿಗೆ ತಾತನನ್ನು ತೋರಿಸಲು ಅವಳ ಬಳಿ ಬೇರೆ ಏನೂ ಇರಲಿಲ್ಲ. ಫೋಟೋಗಳಲ್ಲೆಲ್ಲ ಅವರು ಕ್ಯಾಮರಾ ಕಂಡು ಬಿಗಿದುಕೊಂಡು ನಿಂತವರು.

ಮೊಮ್ಮಗಳು ಬಂದು ಕಾಲು ಮಡಚಿ ಕುಳಿತಳು. ದನಿಯಿಲ್ಲದ ಸಿನಿಮಾ ಶುರುವಾಯಿತು. ಮಗಳು ಚೆನ್ನಾಗಿಯೇ ಹೇಳಿದಳು, ಮಗು ಒಂದೆರಡು ಸಲ ನಕ್ಕಿತು ಕೂಡ. ಮರಿ ಕಲ್ಲಿನ ಮನೆಯ ಬಾಗಿಲಿಗೆ ಬಂತು.

"ಅಮ್ಮ, ಆ ಮರಿ ಯಾಕೆ ಅಳ್ತಿದೆ?"

"ಅಳ್ತಿಲ್ಲ ಪುಟ್ಟಿ. ಮಾವಿನ್ಕಾಯಿಗೆ ಖಾರ ಹಚ್ಕೊಂಡು ತಿಂದಿದೆ, ಕಣ್ಣಲ್ಲಿ ನೀರು."

"ಖಾರ ತಿಂದ್ರೆ ಬಾಯಿ ಹೀಗೆ ಮಾಡ್ತಾರೆ," ಎಂದು ಮಗು ಬಾಯಿ ತೆರೆದು ಗಾಳಿ ಊದಿ ತೋರಿಸಿತು. "ಅದು ಹಾಗೆ ಮಾಡ್ತಿಲ್ಲ. ಅದಕ್ಕೆ ಭಯ ಆಗಿದೆ. ಅದರಮ್ಮ ಎಲ್ಲಿ?"

ಕೊಪ್ಪರಿಗೆ ಇನ್ನೂ ಬಂದಿರಲಿಲ್ಲ. ಚಿಕ್ಕವಳಿದ್ದಾಗ ಮಗಳು ಇಂಥ ಪ್ರಶ್ನೆ ಕೇಳಿದ್ದಳೋ ಇಲ್ಲವೋ, ಕೇಳಿದ್ದರೆ ಅವಳಪ್ಪ ಏನು ಹೇಳಿದ್ದರೋ. ರಿಮೋಟ್ ಅವಳ ಕೈಯಲ್ಲೇ ಇತ್ತು. ಅವಳೇ ನಿಲ್ಲಿಸಿದಳು.

"ಯಾಕೆ ಆಫ್ ಮಾಡ್ದೆ? ತಾತನ ಸಿನಿಮಾ ಅಲ್ವಾ?"

"ಸಿನಿಮಾ ತಾತಂದಲ್ಲ. ಕಥೆ ತಾತಂದು. ಅದನ್ನ ಹೇಳ್ತೀನಿ, ಇಲ್ಲಿ ಬಾ."

ಮಗುವಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ತಾತ ಸುಳ್ಳು ಹೇಳಿದ್ರಾ ಎಂದು ಕೇಳಿತು. ಹೌದು, ದಿನಾ ಹೇಳ್ತಿದ್ರು ಎಂದಳು ಮಗಳು. ಎಷ್ಟು ಸುಳ್ಳು ಹೇಳಿದ್ರು, ಎಲ್ಲಾ ಹೇಳು ಎಂದು ಮಗು ಆಗ ಹತ್ತಿರ ಸರಿದು ಕುಳಿತಿತು.

ನಾನು ಡಿವಿಡಿಯನ್ನು ಹೊರತೆಗೆದು ಮಗಳ ಮುಂದೆ ಹಿಡಿದೆ. ಇಟ್ಟುಕೊಳ್ಳುತ್ತಾಳೆಂದೇ ಎಣಿಸಿದ್ದೆ.

"ಎಸೆದುಬಿಡಮ್ಮ," ಎಂದಳು, ತಿರುಗಿಯೂ ನೋಡದೆ. "ಅದ್ರಲ್ಲಿ ಅಪ್ಪ ಎಲ್ಲೂ ಇಲ್ಲ."

ಹಿತ್ತಲಿಗೆ ಹೋಗಿ ಅದನ್ನು ಮಡಚಿ ಮುರಿದೆ. ಚೂರುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಒಣಕಸದ ಬುಟ್ಟಿಗೆ ಹಾಕಿದೆ, ನಗುವ ಬಾತುಕೋಳಿಯ ಡಬ್ಬಿಯನ್ನೂ ಹಾಕಿದೆ. ಆಮೇಲೆ ಕೈಗೆ ಸೋಪು ಹಚ್ಚಿ ಎರಡು ಸಲ ತೊಳೆದುಕೊಂಡೆ.